ಊರು ಬಳಸಿದ ಯೂನಿವರ್ಸಿಟಿ

(ಮೈಸೂರಿನ ಹಳೆಯ ವಿಷಯಗಳಲ್ಲಿ ಆಸಕ್ತಿ ಇರುವ ಗೆಳೆಯರ ಮುಂದೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿ ಹಾಕಿದ್ದೇನೆ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ನಿಮ್ಮಲ್ಲಿ ಮೈಸೂರು ಯೂನಿವರ್ಸಿಟಿಯಲ್ಲಿ ಓದಿದವರು ಎಷ್ಟು ಜನ ಅಂತ ನಾನು ಕೇಳುವುದಿಲ್ಲ. ಈ ಊರಿನ ಯಾವ ಸಭೆಯಲ್ಲಿ ಕೇಳಿದರೂ ಅರ್ಧಕ್ಕರ್ಧ ಕೈಗಳು ಮೇಲೇಳುತ್ತವೆ. ಬೇರೆ ಪ್ರಶ್ನೆ ಕೇಳುತ್ತೇನೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋದವರು ಎಷ್ಟು ಜನ? ಮಹಾರಾಜ ಕಾಲೇಜು ಮೈದಾನದಲ್ಲಿ ಯುವ ದಸರಾ ನೋಡಿದವರು? ಜಯಲಕ್ಷ್ಮಿ ವಿಲಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋದವರು? ಮನೆಯಲ್ಲಿ ಯೂನಿವರ್ಸಿಟಿಯ ಇಂಗ್ಲಿಷ್-ಕನ್ನಡ ನಿಘಂಟು ಇಟ್ಟುಕೊಂಡವರು? ನೋಡಿ, ಈಗ ಕೈ ಎತ್ತದವರೇ ಇಲ್ಲ. ಇವೆಲ್ಲ ಯೂನಿವರ್ಸಿಟಿಗೆ ಸೇರಿದವೇ.

ನಾನು ಹೇಳಬೇಕು ಅಂತ ಬಂದಿರುವುದು ಇಷ್ಟೇ. ಯೂನಿವರ್ಸಿಟಿಗೂ ಊರಿಗೂ ಇರುವ ನಂಟನ್ನು ಡಿಗ್ರಿ ತೆಗೆದುಕೊಂಡವರ ಲೆಕ್ಕದಲ್ಲಿ ನೋಡಿದರೆ ಸಾಲದು. ಅಲ್ಲಿ ಅಡ್ಮಿಷನ್ನೇ ಇಲ್ಲದವರು ಅದನ್ನು ಎಷ್ಟು ಬಳಸಿದರು ಅಂತ ನೋಡಬೇಕು. ಆ ಲೆಕ್ಕದಲ್ಲಿ ಮೈಸೂರು ಅದೃಷ್ಟದ ಊರು. ಆ ಅದೃಷ್ಟ ಈಗೀಗ ಕರಗುತ್ತಿದೆ ಅಂತಲೂ ನನಗೆ ಅನಿಸುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

1916ರ ಜುಲೈ 27ರಂದು ವಿಶ್ವವಿದ್ಯಾನಿಲಯ ಶುರುವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ದೊರೆ, ವಿಶ್ವೇಶ್ವರಯ್ಯನವರು ದಿವಾನರು, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಇದನ್ನೆಲ್ಲ ನೀವು ಶಾಲೆಯಲ್ಲೇ ಓದಿದ್ದೀರಿ. ಅದಕ್ಕೂ ಮುಂಚೆ ನಮ್ಮ ಕಾಲೇಜುಗಳು ಮದ್ರಾಸ್ ಯೂನಿವರ್ಸಿಟಿಗೆ ಸೇರಿದ್ದವು. ಹುಡುಗ ಮೈಸೂರಿನಲ್ಲೇ ಹುಟ್ಟಿ ಮೈಸೂರಿನಲ್ಲೇ ಓದಿದರೂ ಪಾಸೋ ಫೇಲೋ ಅಂತ ಹೇಳುತ್ತಿದ್ದುದು ಮದ್ರಾಸ್. ಬ್ರಿಟಿಷರ ನೇರ ಆಡಳಿತದ ಹೊರಗೆ, ಒಂದು ಸಂಸ್ಥಾನ ತನ್ನದೇ ಯೂನಿವರ್ಸಿಟಿ ಮಾಡಿಕೊಂಡಿದ್ದು ದೇಶದಲ್ಲಿ ಅದೇ ಮೊದಲು.

ಒಂದು ವಿಷಯವನ್ನು ಜನ ಮರೆತುಬಿಡುತ್ತಾರೆ. ಶುರುವಿನಲ್ಲಿ ಅದು ಎರಡು ಊರಿನ ಯೂನಿವರ್ಸಿಟಿ. ಆರ್ಟ್ಸ್ ಇಲ್ಲಿ, ಮಹಾರಾಜ ಕಾಲೇಜಿನಲ್ಲಿ. ಸೈನ್ಸ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. 1964ರಲ್ಲಿ ಬೆಂಗಳೂರಿಗೆ ಬೇರೆ ಯೂನಿವರ್ಸಿಟಿ ಆಗುವ ತನಕ ಸೆಂಟ್ರಲ್ ಕಾಲೇಜು ಮೈಸೂರಿನ ಹೆಸರಿನಲ್ಲೇ ಇತ್ತು. ಹೀಗಾಗಿ ನಮ್ಮ ಪಾಲಿಗೆ ಬಂದದ್ದು ಆಫೀಸು, ತತ್ವಶಾಸ್ತ್ರ, ಚರಿತ್ರೆ, ಅರ್ಥಶಾಸ್ತ್ರ, ಭಾಷೆ. ಲ್ಯಾಬು, ಎಂಜಿನಿಯರಿಂಗು ಬೆಂಗಳೂರಿನ ಪಾಲಿಗೆ. ಎರಡು ಊರುಗಳು ಮುಂದೆ ಬೆಳೆದ ರೀತಿಯಲ್ಲಿ ಈ ಹಂಚಿಕೆಯ ಕೈವಾಡ ಸ್ವಲ್ಪವಾದರೂ ಇದೆ ಅಂತ ನನ್ನ ಗುಮಾನಿ.

ಇಲ್ಲಿ ಯೂನಿವರ್ಸಿಟಿ ಬಂದಾಗ ಅದಕ್ಕೆ ಸ್ವಂತ ಮನೆಯೇ ಇರಲಿಲ್ಲ. ಬಾಡಿಗೆದಾರನ ಹಾಗೆ ಊರಲ್ಲಿ ಇದ್ದಬದ್ದ ಕಟ್ಟಡಗಳಿಗೆ ಬಂದು ಸೇರಿಕೊಂಡಿತು. ಮಹಾರಾಜ ಕಾಲೇಜಿನ ಬೇರು 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಶುರು ಮಾಡಿದ ಉಚಿತ ಶಾಲೆಯಲ್ಲಿದೆ. ತಾಳೆಗರಿ ಗ್ರಂಥಗಳನ್ನು ಇಟ್ಟಿರುವ ಓರಿಯಂಟಲ್ ಲೈಬ್ರರಿ 1891ರದ್ದು. ಅದು ಇರುವ ಜ್ಯೂಬಿಲಿ ಕಟ್ಟಡ ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ಕಟ್ಟಿಸಿದ್ದು. ಮೊದಮೊದಲ ಘಟಿಕೋತ್ಸವಗಳು ನಡೆದದ್ದು ಜಗನ್ಮೋಹನ ಅರಮನೆಯ ಸಭಾಂಗಣದಲ್ಲಿ. ಅರಮನೆಯವರು ಮದುವೆ, ಸಂಗೀತ, ದರ್ಬಾರು ನಡೆಸುತ್ತಿದ್ದ ಜಾಗದಲ್ಲೇ ಗೌನು ಹಾಕಿಕೊಂಡ ಹುಡುಗರು ಸಾಲು ನಿಂತರು. ಯೂನಿವರ್ಸಿಟಿಯ ಆಡಳಿತ ಕಚೇರಿ ಇರುವ ಕ್ರಾಫರ್ಡ್ ಹಾಲ್ ಎದ್ದಿದ್ದು 1947ರಲ್ಲಿ. ಅಂದರೆ ಮೂವತ್ತು ವರ್ಷ ಯೂನಿವರ್ಸಿಟಿ ಊರಿನ ಒಳಗೇ ಹರಡಿಕೊಂಡಿತ್ತು. ಅದರ ಸುತ್ತ ಬೇಲಿ ಹಾಕೋಣ ಅಂದರೂ ಎಲ್ಲಿಂದ ಎಲ್ಲಿಗೆ ಹಾಕುತ್ತೀರಿ?

ಇದು ಚಿಕ್ಕ ವಿಷಯ ಅಲ್ಲ. ಕಾಲೇಜು ಒಂದು ರಸ್ತೆಯಲ್ಲಿ, ಲೈಬ್ರರಿ ಇನ್ನೊಂದು ರಸ್ತೆಯಲ್ಲಿ, ಮೇಷ್ಟರ ಮನೆ ಸರಸ್ವತಿಪುರಂನಲ್ಲೋ ಒಂಟಿಕೊಪ್ಪಲಿನಲ್ಲೋ. ಹುಡುಗರು ದಿನಾ ಊರಿನ ನಡುವೆ ನಡೆದು ಹೋಗಬೇಕು. ಎಂ.ಎನ್. ಶ್ರೀನಿವಾಸ್ ಅವರ ಉದಾಹರಣೆ ತೆಗೆದುಕೊಳ್ಳಿ. ಯೂನಿವರ್ಸಿಟಿ ಹುಟ್ಟಿದ 1916ರಲ್ಲೇ ಈ ಊರಲ್ಲಿ ಹುಟ್ಟಿದವರು. ಮನೆ ಇದ್ದದ್ದು ಕಾಲೇಜು ರಸ್ತೆಯಲ್ಲಿ. ಮನೆಯ ಹಿಂಬದಿಗೆ ಕುರುಬರಿದ್ದ ಬಂಡಿಕೇರಿ. ತಮ್ಮ ಬೀದಿಗಿಂತ ಪೂರ್ತಿ ಬೇರೆಯಾದ ಒಂದು ಬದುಕನ್ನು ಮೊದಲು ಕಂಡದ್ದು ಅಲ್ಲಿ ಅಂತ ಅವರೇ ಬರೆದುಕೊಂಡಿದ್ದಾರೆ. ಮುಂದೆ ಮಹಾರಾಜ ಕಾಲೇಜಿನಲ್ಲಿ ಓದಿ, ದೇಶದ ದೊಡ್ಡ ಸಮಾಜಶಾಸ್ತ್ರಜ್ಞರಾದರು. ಅವರ ಮೊದಲ ಪಾಠ ಮನೆ ಹಿತ್ತಲಿನ ಆಚೆಗೇ ನಡೆದಿತ್ತು.

ಊರು ಯೂನಿವರ್ಸಿಟಿಗೆ ಏನು ಕೊಟ್ಟಿತು ಅನ್ನುವುದನ್ನೂ ಹೇಳಬೇಕಲ್ವಾ? ಅರಮನೆ ಕೊಟ್ಟಿದ್ದು ಎಲ್ಲರಿಗೂ ಗೊತ್ತು. ನಾನು ಊಟದ ವಿಷಯ ಹೇಳುತ್ತೇನೆ.

ವಾರಾನ್ನ. ಈಗಿನ ಹುಡುಗರಿಗೆ ಈ ಪದ್ಧತಿಯೇ ಗೊತ್ತಿಲ್ಲ. ಹಳ್ಳಿಯಿಂದ ಬಂದ ಬಡ ಹುಡುಗ ಏಳು ಮನೆ ಹುಡುಕಿಕೊಳ್ಳಬೇಕು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಬೆಳಿಗ್ಗೆ ಸ್ನಾನ ಮಾಡಿ, ಕಾಲೇಜಿಗೆ ಮುಂಚೆ ಆ ಮನೆ ಬಾಗಿಲಿಗೆ ಹೋದರೆ ಒಂದು ಎಲೆ ಹಾಕುತ್ತಿದ್ದರು. ಕೆಲವು ಮನೆಗಳಲ್ಲಿ ಪ್ರೀತಿಯಿಂದ ಬಡಿಸುತ್ತಿದ್ದರು. ಕೆಲವು ಕಡೆ ಬಾವಿಯಿಂದ ನೀರು ಸೇದಿಹಾಕಿ ಅಂತಲೋ, ಮಕ್ಕಳಿಗೆ ಲೆಕ್ಕ ಹೇಳಿಕೊಡಿ ಅಂತಲೋ ಕೆಲಸ ಹೇಳುತ್ತಿದ್ದರು. ಆರೇ ಮನೆ ಸಿಕ್ಕಿದವನಿಗೆ ಏಳನೇ ದಿನ ಏಕಾದಶಿ. ಆ ದಿನ ತಿಥಿ ಯಾವುದಾದರೂ ಆಗಿರಲಿ. ಹಾಗೆ ಉಂಡು ಓದಿದವರು ಮುಂದೆ ಮೇಷ್ಟರಾದರು, ಅಮಲ್ದಾರರಾದರು, ಜಡ್ಜ್ ಆದರು.

ಆದರೆ ಇದನ್ನು ಬರೀ ಸಿಹಿಯಾಗಿ ಹೇಳಿ ಮುಗಿಸಬಾರದು. ವಾರಾನ್ನದ ಬಾಗಿಲು ತೆರೆಯುತ್ತಿದ್ದುದು ಜಾತಿ ನೋಡಿ. ಬ್ರಾಹ್ಮಣ ಹುಡುಗನಿಗೆ ಬ್ರಾಹ್ಮಣರ ಮನೆಗಳಿದ್ದವು. ಉಳಿದವರು ಎಲ್ಲಿಗೆ ಹೋಗಬೇಕು? ಮೈಸೂರಿನಲ್ಲಿ ಇಷ್ಟೊಂದು ಜಾತಿಯ ಹಾಸ್ಟೆಲುಗಳು ಯಾಕೆ ಇವೆ ಅಂತ ಹೊರಗಿನವರು ಕೇಳುತ್ತಾರೆ. ಉತ್ತರ ಇಲ್ಲಿದೆ. ಮನೆ ಸಿಗದವರು ಮನೆ ಕಟ್ಟಿಕೊಂಡರು. ಒಕ್ಕಲಿಗರು, ವೀರಶೈವರು, ಕುರುಬರು, ಅರಸು ಮನೆತನದವರು, ಆದಿಕರ್ನಾಟಕರು, ಹೀಗೆ ಒಬ್ಬೊಬ್ಬರೂ. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಹುಡುಗರಿಗೆ ಊಟ ಮತ್ತು ವಸತಿಯನ್ನು ಪುಕ್ಕಟೆಯಾಗಿ ಕೊಟ್ಟರು. ಇದೇ ಕಾಲದಲ್ಲಿ ಮಿಲ್ಲರ್ ಸಮಿತಿ ಬಂತು. ಸರ್ಕಾರಿ ಕೆಲಸದಲ್ಲಿ ಒಂದೇ ಜಾತಿಯವರು ತುಂಬಿದ್ದಾರೆ, ಇದಕ್ಕೇನು ಮಾಡಬೇಕು ಅಂತ ನೋಡಲು ನಾಲ್ವಡಿಯವರು 1918ರಲ್ಲಿ ಅದನ್ನು ನೇಮಿಸಿದರು. ಆ ಸಮಿತಿಯ ವರದಿ ಕಾಗದದ ಮೇಲೆ ಉಳಿಯದೆ ಜೀವ ತುಂಬಿಕೊಂಡದ್ದು ಈ ಹಾಸ್ಟೆಲುಗಳಿಂದ. ಮೀಸಲಾತಿ ಇದ್ದರೂ ಪರೀಕ್ಷೆ ಬರೆಯುವ ತನಕ ಹುಡುಗ ಊರಲ್ಲಿ ಉಳಿಯಬೇಕಲ್ಲ, ಹೊಟ್ಟೆಗೆ ಏನಾದರೂ ಬೇಕಲ್ಲ.

ಇನ್ನೊಂದು ಕಡೆ ಜಯಚಾಮರಾಜ ಒಡೆಯರು. ಅವರೂ ಇದೇ ಮಹಾರಾಜ ಕಾಲೇಜಿನಲ್ಲಿ ಓದಿ, 1938ರಲ್ಲಿ ಬಿ.ಎ. ಮಾಡಿದರು. ಚಿನ್ನದ ಪದಕಗಳನ್ನೂ ತೆಗೆದುಕೊಂಡರು. ಹಾಸ್ಟೆಲಿನ ಮುದ್ದೆ ಉಂಡು ಬಂದವನಿಗೂ ಅರಮನೆಯಿಂದ ಬಂದವರಿಗೂ ಒಂದೇ ಕಾಲೇಜು. ಬದುಕು ಸಮ ಆಯಿತು ಅಂತ ನಾನು ಹೇಳುತ್ತಿಲ್ಲ. ಕಾಲೇಜು ಸಮ ಇತ್ತು, ಅಷ್ಟೇ.

ರಾಧಾಕೃಷ್ಣನ್ ಅವರ ಸಾರೋಟಿನ ಕತೆ ನಿಮಗೆಲ್ಲ ಗೊತ್ತಿರುವುದರಿಂದ ಬೇಗ ದಾಟುತ್ತೇನೆ. 1918ರಿಂದ 1921ರ ತನಕ ಇಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟರು. ಕಲ್ಕತ್ತಾಗೆ ಹೊರಟ ದಿನ ಹುಡುಗರು ಸಾರೋಟಿನ ಕುದುರೆ ಬಿಚ್ಚಿ, ತಾವೇ ರೈಲ್ವೆ ಸ್ಟೇಷನ್ ತನಕ ಎಳೆದುಕೊಂಡು ಹೋದರು. ಇದರಲ್ಲಿ ನನಗೆ ಇಷ್ಟ ಆಗುವುದು ಆ ದಾರಿ. ಕ್ಲಾಸ್ ರೂಮಿನಲ್ಲಿ ಹಾರ ಹಾಕಿ ಕಳಿಸಬಹುದಿತ್ತು. ಊರೆಲ್ಲ ನೋಡುವ ಹಾಗೆ ರಸ್ತೆ ಮೇಲೆ ಎಳೆದರು. ಮೇಷ್ಟರು ಹೋಗುವುದು ಊರಿಗೂ ಸಂಬಂಧಪಟ್ಟ ಸುದ್ದಿ ಆಗಿತ್ತು.

ಓರಿಯಂಟಲ್ ಲೈಬ್ರರಿಯ ಹತ್ತಿರ ಸ್ವಲ್ಪ ನಿಲ್ಲೋಣ. 1905ರ ಹೊತ್ತಿಗೆ ತಂಜಾವೂರು ಕಡೆಯ ಒಬ್ಬ ಪಂಡಿತರು ಒಂದು ತಾಳೆಗರಿ ಕಟ್ಟನ್ನು ಇಲ್ಲಿಗೆ ಕೊಟ್ಟರು. ಬರೆದಿದ್ದುದು ಗ್ರಂಥ ಅನ್ನುವ ಲಿಪಿಯಲ್ಲಿ. ಲೈಬ್ರರಿಯನ್ ಆಗಿದ್ದ ಆರ್. ಶಾಮಾಶಾಸ್ತ್ರಿಗಳು ಕೂತು ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. ಅಲ್ಲಿಯ ತನಕ ಆ ಪುಸ್ತಕದ ಹೆಸರು ಬೇರೆ ಗ್ರಂಥಗಳಲ್ಲಿ ಇತ್ತು, ಪುಸ್ತಕ ಕಣ್ಣಿಗೆ ಬಿದ್ದಿರಲಿಲ್ಲ. 1909ರಲ್ಲಿ ಅಚ್ಚಾಯಿತು. ಹಿಂದೂಸ್ತಾನದವರಿಗೆ ರಾಜ್ಯ ನಡೆಸುವ ಬಗ್ಗೆ ಬರೆದೇ ಗೊತ್ತಿಲ್ಲ ಅನ್ನುತ್ತಿದ್ದವರ ಬಾಯಿ ಅಲ್ಲಿಗೆ ಬಂದ್ ಆಯಿತು.

ತಾಳೆಗರಿಯನ್ನು ಹತ್ತಿರದಿಂದ ನೋಡದವರಿಗೆ ಹೇಳುತ್ತೇನೆ. ಅದರ ಮೇಲೆ ಶಾಯಿಯಿಂದ ಬರೆದಿರುವುದಿಲ್ಲ. ಕಂಟ ಅನ್ನುವ ಚೂಪಾದ ಕಬ್ಬಿಣದ ಕಡ್ಡಿಯಿಂದ ಗೀರಿರುತ್ತಾರೆ. ಹಳೆಯ ಗರಿಯನ್ನು ಸುಮ್ನೆ ನೋಡಿದರೆ ಖಾಲಿ ಪಟ್ಟಿಯ ಹಾಗೆ ಕಾಣುತ್ತದೆ. ಮಸಿ ತೀಡಿ ಒರೆಸಿದರೆ, ಗೀರಿದ ಕಡೆ ಮಸಿ ಕೂತು ಅಕ್ಷರ ಮೇಲೆದ್ದು ಬರುತ್ತದೆ. ಆಮೇಲೆ ಹುಳ ತಿನ್ನದ ಹಾಗೆ, ಗರಿ ಒಣಗಿ ಮುರಿಯದ ಹಾಗೆ ಸಿಟ್ರೊನೆಲ್ಲಾ ಎಣ್ಣೆ ಸವರುತ್ತಾರೆ. ಒಂದೊಂದು ಗರಿಗೂ. ಎರಡೂ ಕಡೆ. ಇದನ್ನು ವರ್ಷಗಟ್ಟಲೆ ಮಾಡಿದವರ ಹೆಸರು ಯಾವ ಪುಸ್ತಕದ ಮುನ್ನುಡಿಯಲ್ಲೂ ಇರುವುದಿಲ್ಲ. ಅವರೆಲ್ಲ ಇದೇ ಊರಿನ ಅಗ್ರಹಾರ, ಕೃಷ್ಣಮೂರ್ತಿಪುರಂ ಕಡೆಯಿಂದ ಸೈಕಲ್ಲಿನಲ್ಲಿ ಬಂದು ಹೋಗುತ್ತಿದ್ದ ನೌಕರರು. ಕಟ್ಟು ಕಟ್ಟಾಗಿ ಗರಿಗಳನ್ನು ತಂದು ಕೊಟ್ಟವರೂ ಮನೆಮನೆಯ ಜನ. ಅಜ್ಜ ತೀರಿಕೊಂಡ ಮೇಲೆ ಅಟ್ಟದ ಮೇಲಿದ್ದದ್ದನ್ನು ಹೊಳೆಗೆ ಬಿಡುವ ಬದಲು ಲೈಬ್ರರಿಗೆ ಕೊಟ್ಟರು.

ಈಗ ನನಗೆ ತುಂಬಾ ಇಷ್ಟದ ಕತೆ. ಎಂ.ವಿ. ಗೋಪಾಲಸ್ವಾಮಿ ಅಂತ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಇದ್ದರು. ಲಂಡನ್ನಿನಲ್ಲಿ ಓದಿ ಬಂದವರು. ನಾಟಕದ ಹುಚ್ಚು ಬೇರೆ. 1935ರ ಸೆಪ್ಟೆಂಬರ್ 10ರಂದು ಅವರು ಒಂಟಿಕೊಪ್ಪಲಿನ ತಮ್ಮ ಮನೆ 'ವಿಠಲ ವಿಹಾರ'ದಿಂದ ರೇಡಿಯೋ ಪ್ರಸಾರ ಶುರು ಮಾಡಿದರು. ಸರ್ಕಾರದ ರೇಡಿಯೋ ಅಲ್ಲ, ಕಂಪನಿಯದ್ದೂ ಅಲ್ಲ. ಒಬ್ಬ ಮೇಷ್ಟರ ಮನೆಯ ರೇಡಿಯೋ. ಟ್ರಾನ್ಸ್‌ಮಿಟರ್ 30 ವಾಟಿನದ್ದು. ಮನೆಯಲ್ಲಿ ಹಳೆಯ ಕಾಲದ ಒಂದು ಸಣ್ಣ ಬಲ್ಬು ಎಷ್ಟು ಕರೆಂಟು ತಿನ್ನುತ್ತದೋ ಅಷ್ಟು. ಮೊದಲ ದಿನ ಕುವೆಂಪು ತಮ್ಮ ಕವಿತೆ ಓದಿದರು. ಈ ರೇಡಿಯೋಗೆ 'ಆಕಾಶವಾಣಿ' ಅಂತ ಹೆಸರು ಬಂತು.

ಸ್ವಲ್ಪ ಯೋಚನೆ ಮಾಡಿ. ಕಾಲೇಜಿನ ಕ್ಲಾಸು ಎಷ್ಟು ಜನಕ್ಕೆ? ನಲವತ್ತೋ ಐವತ್ತೋ. ರೇಡಿಯೋದಲ್ಲಿ ಮಾತಾಡಿದರೆ ಅಡುಗೆಮನೆಯಲ್ಲಿ ಕೂತ ಹೆಂಗಸರಿಗೂ ಕೇಳುತ್ತದೆ. ಆಗ ರೇಡಿಯೋ ಪೆಟ್ಟಿಗೆ ಇದ್ದ ಮನೆಗಳು ಬೆರಳೆಣಿಕೆ. ಹಾಗಿದ್ದರೂ ಇದ್ದ ಮನೆಯ ಕಿಟಕಿ ಹತ್ತಿರ ಅಕ್ಕಪಕ್ಕದವರು ಬಂದು ನಿಲ್ಲುತ್ತಿದ್ದ ಕಾಲ ಅದು. ಮೇಷ್ಟರು ತಮ್ಮ ಕೈಯಿಂದ ಖರ್ಚು ಮಾಡಿ ನಡೆಸಿದರು. ಆಮೇಲೆ ಇನ್ನೂ ಶಕ್ತಿಯ 250 ವಾಟಿನ ಟ್ರಾನ್ಸ್‌ಮಿಟರ್ ಬಂತು. ನಾ. ಕಸ್ತೂರಿಯವರು ಜೊತೆಗೂಡಿದರು. 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಸ್ವಾತಂತ್ರ್ಯ ಬಂದ ಮೇಲೆ ಇಡೀ ದೇಶದ ಸರ್ಕಾರಿ ರೇಡಿಯೋ ಅದೇ ಹೆಸರನ್ನು ಇಟ್ಟುಕೊಂಡಿತು. ದಿಲ್ಲಿಯವರು ದಿನಾ ಬೆಳಿಗ್ಗೆ ಹೇಳುವ ಹೆಸರು ಒಂಟಿಕೊಪ್ಪಲಿನ ಒಂದು ಮನೆಯಲ್ಲಿ ಮೊದಲು ಕೇಳಿದ್ದು. ಯೂನಿವರ್ಸಿಟಿಯ ವಾರ್ಷಿಕ ವರದಿಯಲ್ಲಿ ಇಂಥದ್ದನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ? ಸಂಶೋಧನೆ ಅನ್ನೋಣವೇ, ಬೋಧನೆ ಅನ್ನೋಣವೇ? ಈಗಿನ ಪ್ರೊಫೆಸರ್ ಯಾರಾದರೂ ಹೀಗೆ ಮಾಡಿದರೆ ಮೊದಲು ನೋಟಿಸ್ ಬರುತ್ತದೆ. ಬಡ್ತಿಗೆ ಬೇಕಾದ ಪಾಯಿಂಟ್ಸ್ ಅಂತೂ ಒಂದೂ ಸಿಗುವುದಿಲ್ಲ.

ಇದೇ 1930ರ ದಶಕದಲ್ಲಿ ಪ್ರಚಾರೋಪನ್ಯಾಸಗಳು ಬಂದವು. ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದ ಮೇಷ್ಟರು ಸಂಜೆ, ರಜೆಯಲ್ಲಿ ಊರುಕೇರಿಗೆ ಹೋಗಿ ಕನ್ನಡದಲ್ಲಿ ಮಾತಾಡಬೇಕು. ಇದು ಹೇಳಿದಷ್ಟು ಸುಲಭ ಅಲ್ಲ. ಇಂಗ್ಲಿಷಿನಲ್ಲಿ ಕಲಿತದ್ದನ್ನು ಕನ್ನಡದಲ್ಲಿ, ಅದೂ ಅಂಗಡಿಯವನಿಗೆ, ರೈತನಿಗೆ ತಿಳಿಯುವ ಹಾಗೆ ಹೇಳಬೇಕು ಅಂದಾಗ ಎಷ್ಟೋ ಪಂಡಿತರು ಬೆವರಿದರು. ಬಿ.ಎಂ. ಶ್ರೀ, ಎ.ಆರ್. ಕೃಷ್ಣಶಾಸ್ತ್ರಿಗಳಂಥವರು ಇದರ ಹಿಂದೆ ಇದ್ದರು. ಮಾತಾಡಿದ್ದನ್ನು ಸಣ್ಣ ಪುಸ್ತಕ ಮಾಡಿ, ತೀರಾ ಕಡಿಮೆ ಬೆಲೆಗೆ ಮಾರಿದರು. ಯೂನಿವರ್ಸಿಟಿಯ ಪುಸ್ತಕ ಪ್ರಕಟಿಸುವ ವಿಭಾಗವಾದ ಪ್ರಸಾರಾಂಗ ಬೆಳೆದದ್ದು ಇಲ್ಲಿಂದ. ಆ ಕಾಲದ ಪುಸ್ತಕಗಳನ್ನು ಈಗ ಓದಿದರೂ ಒಂದು ಗುಣ ಎದ್ದು ಕಾಣುತ್ತದೆ. ಎದುರಿಗೆ ಜನ ಕೂತಿದ್ದಾರೆ ಅನ್ನುವ ನೆನಪು ವಾಕ್ಯ ವಾಕ್ಯದಲ್ಲೂ ಇದೆ.

ನಿಘಂಟು, ವಿಶ್ವಕೋಶ ಎಲ್ಲ ಇದೇ ದಾರಿಯಲ್ಲಿ ಬಂದವು. ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಬಂತು. ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ. ಒಟ್ಟು 14 ಸಂಪುಟ. ನನ್ನ ಪರಿಚಯದ ಒಬ್ಬ ಟೈಲರ್ ಅಂಗಡಿಯಲ್ಲಿ ಆ ನಿಘಂಟು ಹೊಲಿಗೆ ಮಿಷಿನ್ ಪಕ್ಕ ಇತ್ತು. ಕೋರ್ಟು ಕಾಗದ ಓದಿಸಿಕೊಳ್ಳಲು ಬರುವವರಿಗೆ ಅವರು ಅದನ್ನು ನೋಡಿ ಅರ್ಥ ಹೇಳುತ್ತಿದ್ದರು. ರಟ್ಟು ಕಿತ್ತು ಬಂದಿತ್ತು, ಕಾಲರ್‌ಗೆ ಹಾಕುವ ಕ್ಯಾನ್ವಾಸ್ ಬಟ್ಟೆಯಿಂದ ಅವರೇ ಬೈಂಡ್ ಮಾಡಿಕೊಂಡಿದ್ದರು.

ಕೆರೆಗೆ ಬರೋಣ. ಕುಕ್ಕರಹಳ್ಳಿ ಕೆರೆ ಯೂನಿವರ್ಸಿಟಿಗಿಂತ ಹಳೆಯದು. ಮುಮ್ಮಡಿಯವರು 1864ರಲ್ಲಿ ಕಟ್ಟಿಸಿದ್ದು, ಆಚೆಯ ಗದ್ದೆಗಳಿಗೆ ನೀರು ಕೊಡಲು. ಅದರ ದಡದ ದಿಬ್ಬದ ಮೇಲೆ ನಾಲ್ವಡಿಯವರು 1905ರಲ್ಲಿ ತಮ್ಮ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ದೊಡ್ಡ ಬಂಗಲೆ ಕಟ್ಟಿಸಿದರು. ಅದೇ ಜಯಲಕ್ಷ್ಮಿ ವಿಲಾಸ. ಕುವೆಂಪು ದಿನಾ ಈ ಕೆರೆ ಕಡೆ ತಿರುಗಾಡುತ್ತಿದ್ದರು. ಕವಿತೆಗಳಲ್ಲೂ ಈ ಕೆರೆ ಬರುತ್ತದೆ. 1956ರಲ್ಲಿ ಅವರು ಕುಲಪತಿ ಆದರು. ಊರಿನ ಒಳಗೆ ಜಾಗ ಸಾಲುತ್ತಿರಲಿಲ್ಲ. ಅವರ ಕಾಲದಲ್ಲಿ ಆ ಬಂಗಲೆ, ಸುತ್ತಲಿನ ಜಮೀನು ಯೂನಿವರ್ಸಿಟಿಗೆ ಬಂತು. 1960ರಲ್ಲಿ ಅಲ್ಲಿ ಮಾನಸಗಂಗೋತ್ರಿ ಅನ್ನುವ ಕ್ಯಾಂಪಸ್ ಶುರುವಾಯಿತು. ಬಂಗಲೆಯಲ್ಲಿ ಮುಂದೆ ಜಾನಪದ ಮ್ಯೂಸಿಯಂ ಬಂತು. ರಾಜಕುಮಾರಿ ಇದ್ದ ಕೋಣೆಗಳಿಗೆ ಸೋಮನ ಮುಖವಾಡ, ತೊಗಲುಗೊಂಬೆ, ಒನಕೆ, ಕೊಳಗ ಬಂದವು. ಹಳ್ಳಿಯಿಂದ ಬಂದ ಅಜ್ಜಿಯರು ಅವನ್ನು ನೋಡಿ, 'ಇದನ್ನ ನೋಡೋಕೆ ಇಲ್ಲಿಗಂಟ ಬರಬೇಕಿತ್ತಾ' ಅಂತ ನಗುತ್ತಿದ್ದರು.

ಯೂನಿವರ್ಸಿಟಿಗೆ ಕೊನೆಗೂ ಸ್ವಂತ ಕ್ಯಾಂಪಸ್ ಆಯಿತು. ಅದರ ಜೊತೆಗೆ ಗೇಟೂ ಬಂತು. ಅದೃಷ್ಟಕ್ಕೆ ಕೆರೆಯೂ ಒಳಗೆ ಸೇರಿತ್ತು. ಬೆಳಿಗ್ಗೆ ಐದೂವರೆ ಆರು ಗಂಟೆಗೆ ಬರುವ ಜನರನ್ನು ಯಾರು ತಡೆಯುತ್ತಾರೆ? ಸುತ್ತು ಹಾಕಿದರೆ ನಾಲ್ಕೈದು ಕಿಲೋಮೀಟರ್. ಡಾಕ್ಟರು, ಹೂ ಮಾರುವವರು, ರಿಟೈರ್ ಆದ ಪೊಲೀಸರು, ಹಕ್ಕಿ ಫೋಟೋ ತೆಗೆಯುವ ಹುಡುಗರು, ಎಲ್ಲ ಅಲ್ಲೇ. ಹೆಜ್ಜಾರ್ಲೆಗಳು ನಡುಗಡ್ಡೆಯ ಮರಗಳ ಮೇಲೆ ಕೂತಿರುತ್ತವೆ. ಗಂಗೋತ್ರಿಯಲ್ಲಿ ಯಾವ ವಿಭಾಗದಲ್ಲಿ ಏನು ನಡೆಯುತ್ತಿದೆ ಅಂತ ಗೊತ್ತಿಲ್ಲದವರಿಗೂ ಕೆರೆಯ ನೀರು ಎಷ್ಟು ಇಳಿದಿದೆ ಅಂತ ಗೊತ್ತು.

ಈ ಕೆರೆಯ ವಿಷಯದಲ್ಲಿ ಊರಿನವರಾದ ನಾವು ಬೀಗುವ ಹಾಗಿಲ್ಲ. ಮುಂಚೆ ಪೂರ್ಣಯ್ಯ ನಾಲೆಯಿಂದ ಮಳೆ ನೀರು ಹರಿದು ಬರುತ್ತಿತ್ತು. ಸುತ್ತ ಬಡಾವಣೆಗಳು ಎದ್ದವು. ನಾಲೆ ಮುಚ್ಚಿತು, ಚರಂಡಿ ತೆರೆಯಿತು. ಕೆರೆಗೆ ಬಂದ ಕೊಳಚೆ ಯಾವ ಪ್ರೊಫೆಸರ್ ಮನೆಯಿಂದಲೂ ವಿಶೇಷವಾಗಿ ಬಂದದ್ದಲ್ಲ, ನಮ್ಮ ನಿಮ್ಮ ಬಚ್ಚಲಿನದ್ದು. ಕೆರೆ ಯೂನಿವರ್ಸಿಟಿಯದ್ದು, ನಾಲೆ ಇನ್ಯಾರದ್ದೋ, ಚರಂಡಿ ಕಾರ್ಪೊರೇಷನ್ನಿನದ್ದು. ಮೂವರೂ ಪತ್ರ ಬರೆದುಕೊಳ್ಳುವಷ್ಟರಲ್ಲಿ ಪಾಚಿ ಬೆಳೆಯುತ್ತದೆ. ಒಳ್ಳೆಯ ಸುದ್ದಿ ಅಂದರೆ, ಕೆರೆ ಉಳಿಸಿ ಅಂತ ಗಲಾಟೆ ಮಾಡಿದವರಲ್ಲಿ ಮೇಷ್ಟರೂ ಇದ್ದರು, ವಾಕಿಂಗ್ ಮಾಡುವವರೂ ಇದ್ದರು. ಬಳಸುವ ಜನ ಇಲ್ಲದಿದ್ದರೆ ಆ ಜಾಗ ಇಷ್ಟು ಹೊತ್ತಿಗೆ ಸೈಟು ಆಗಿರುತ್ತಿತ್ತು.

ಕ್ರಿಕೆಟ್ ಹೇಳದೆ ಹೋದರೆ ಹುಡುಗರು ಬೇಜಾರು ಮಾಡಿಕೊಳ್ಳುತ್ತಾರೆ. ಯೂನಿವರ್ಸಿಟಿಯ ಗಂಗೋತ್ರಿ ಗ್ಲೇಡ್ಸ್ ಮೈದಾನ, 2010ರ ಜನವರಿ, ರಣಜಿ ಫೈನಲ್. ಮುಂಬೈ 233 ಮತ್ತು 234. ನಾವು, ಅಂದರೆ ಕರ್ನಾಟಕ, ಮೊದಲ ಸಲ 130ಕ್ಕೆ ಆಲೌಟ್. ಗೆಲ್ಲಲು 338 ಬೇಕು. ಮನೀಶ್ ಪಾಂಡೆ 144 ಹೊಡೆದರು. ಸ್ಟೇಡಿಯಂ ಅಂತ ಕರೆಯುವ ಹಾಗಿನ ಜಾಗವೇ ಅದಲ್ಲ, ಗ್ಯಾಲರಿ ಅಂದರೆ ಹುಲ್ಲಿನ ದಿಬ್ಬ. ಆದರೂ ಇಡೀ ಊರು ಅಲ್ಲಿತ್ತು. ಅಂಗಡಿ ಬಾಗಿಲು ಹಾಕಿ ಬಂದವರಿದ್ದರು, ಕ್ಲಾಸಿಗೆ ಚಕ್ಕರ್ ಹಾಕಿದವರ ಲೆಕ್ಕವೇ ಇಲ್ಲ. 331ಕ್ಕೆ ಮುಗಿಯಿತು. ಆರು ರನ್ನಿನ ಸೋಲು. ಈಗಲೂ ಆ ಆರು ರನ್ ಎಲ್ಲಿ ಹೋಯಿತು ಅಂತ ಬಲ್ಲಾಳ್ ಸರ್ಕಲ್ಲಿನಲ್ಲಿ ವಾದ ಮಾಡುವವರು ಇದ್ದಾರೆ.

ಈಗ ಕರಗುತ್ತಿದೆ ಅಂದೆನಲ್ಲ, ಆ ವಿಷಯ. ಮೆಡಿಕಲ್ ಕಾಲೇಜು, ಎಂಜಿನಿಯರಿಂಗ್ ಕಾಲೇಜುಗಳು ಒಂದು ಕಾಲಕ್ಕೆ ಇದೇ ಯೂನಿವರ್ಸಿಟಿಗೆ ಸೇರಿದ್ದವು. 1996ರಲ್ಲಿ ವೈದ್ಯಕೀಯಕ್ಕೆ ರಾಜೀವ್ ಗಾಂಧಿ ವಿ.ವಿ., 1998ರಲ್ಲಿ ಎಂಜಿನಿಯರಿಂಗಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿ.ವಿ. ಬಂದವು. ಅಂಚೆ ತೆರಪಿನ ಶಿಕ್ಷಣ 1996ರಲ್ಲಿ ಮುಕ್ತ ವಿ.ವಿ. ಆಯಿತು. ಕೊಣಾಜೆಯ ಕೇಂದ್ರ 1980ರಲ್ಲಿ ಮಂಗಳೂರು ವಿ.ವಿ. ಆಗಿತ್ತು. ಈಚೆಗೆ ಮಂಡ್ಯ, ಹಾಸನ, ಚಾಮರಾಜನಗರವೂ ಬೇರೆಯಾದವು. ಮಕ್ಕಳು ದೊಡ್ಡವರಾಗಿ ಬೇರೆ ಹೋಗುವುದು ತಪ್ಪಲ್ಲ. ಆದರೆ ಕಾಲೇಜುಗಳ ಜೊತೆ ಶುಲ್ಕದ ದುಡ್ಡೂ ಹೋಗುತ್ತದೆ. ಪಿಂಚಣಿಯ ಭಾರ ಮಾತ್ರ ಇಲ್ಲೇ ಉಳಿಯುತ್ತದೆ. ದುಡ್ಡಿಲ್ಲದಾಗ ಮೊದಲು ನಿಲ್ಲುವುದು ಯಾವುದು? ಊರಿಗಾಗಿ ಮಾಡುತ್ತಿದ್ದ ಕೆಲಸ. ಹಳೇ ಕಟ್ಟಡದ ಸೂರು, ಮ್ಯೂಸಿಯಂ, ಪುಸ್ತಕದ ಮರುಮುದ್ರಣ. ಇವು ಯಾವುವೂ ರ್‍ಯಾಂಕಿಂಗಿನಲ್ಲಿ ದೊಡ್ಡ ಅಂಕ ತರುವುದಿಲ್ಲ.

ಊರೂ ಬದಲಾಗಿದೆ. ಈಗ ಗಂಗೋತ್ರಿಗೆ ಇರಾನಿನಿಂದ, ಯೆಮನ್‌ನಿಂದ, ಆಫ್ರಿಕಾದ ದೇಶಗಳಿಂದ ಹುಡುಗರು ಬಂದು ಓದುತ್ತಾರೆ. ನಮ್ಮ ಬೀದಿಗಳಲ್ಲೇ ರೂಮು ಹುಡುಕುತ್ತಾರೆ. ಡಬಲ್ ಅಡ್ವಾನ್ಸ್ ಕೇಳುವ ಮನೆ ಮಾಲೀಕರೂ ನಮ್ಮವರೇ. ವಾರಾನ್ನ ಹಾಕಿದ ಊರು ಅಂತ ಹೆಮ್ಮೆ ಪಡುವಾಗ ಈ ಬಾಡಿಗೆ ಚೀಟಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ಕ್ರಾಫರ್ಡ್ ಯಾರು, ಇನ್ನೂ ಆ ಹೆಸರು ಯಾಕೆ? ಕ್ರಾಫರ್ಡ್ ಕಾಫಿ ತೋಟದ ಸಾಹುಕಾರರು. ಹಾಲ್ ಕಟ್ಟಲು ದುಡ್ಡು ಕೊಟ್ಟವರು. ಸಕಲೇಶಪುರದ ಸರ್ಕಾರಿ ಆಸ್ಪತ್ರೆಗೂ ಅದೇ ಹೆಸರಿದೆ. ನನ್ನ ಕೇಳಿದರೆ ಹೆಸರು ಇರಲಿ. ಬದಲಾಯಿಸಿದರೂ ಆಟೋದವರು ಕ್ರಾಫರ್ಡ್ ಹಾಲ್ ಅಂತಲೇ ಹೇಳುತ್ತಾರೆ.

ಇನ್ನೊಬ್ಬರು, ಬಹುಶಃ ಬ್ಯಾಂಕಿನಲ್ಲಿ ಕೆಲಸ ಮಾಡಿದವರು, 'ಸರಿ ಸಾರ್, ನಾವೇನು ಮಾಡಬೇಕು ಅದನ್ನ ಹೇಳಿ' ಅಂದರು. ಎರಡು ಕೆಲಸ ಹೇಳಿದೆ. ಮನೆ ಅಟ್ಟದ ಮೇಲೆ ಪ್ರಚಾರ ಪುಸ್ತಕಮಾಲೆಯ ಹಳೇ ಪುಸ್ತಕ, ಹಳೇ ಘಟಿಕೋತ್ಸವದ ಫೋಟೋ, ಹಾಸ್ಟೆಲಿನ ಊಟದ ಲೆಕ್ಕದ ಬುಕ್ಕು ಇದ್ದರೆ ಗುಜರಿಗೆ ಹಾಕುವ ಮುಂಚೆ ಯಾರಿಗಾದರೂ ತೋರಿಸಿ. ಮತ್ತೆ, ವಾರಾನ್ನ ಉಂಡವರು, ಬಡಿಸಿದವರು ನಿಮ್ಮ ಮನೆಯಲ್ಲಿ ಇನ್ನೂ ಇದ್ದರೆ, ಫೋನು ಆನ್ ಮಾಡಿ ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ. ಯಾವ ಬೀದಿ, ಯಾವ ವಾರ, ಯಾವ ಮನೆ ಅಂತ ಕೇಳಿ. ಆಗ ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಹೆಂಗಸು, 'ನಮ್ಮತ್ತೆ ಮನೇಲಿ ಗುರುವಾರ' ಅಂದರು. ಪಕ್ಕದವರು, 'ಅಯ್ಯೋ, ಗುರುವಾರ ನಮ್ಮನೇಲೂ ಇತ್ತು ಕಣ್ರೀ, ಅದೇ ಹುಡುಗನಾ?' ಅಂತ ಶುರು ಮಾಡಿದರು. ಸಭೆ ಅಲ್ಲಿಗೆ ನನ್ನ ಕೈ ತಪ್ಪಿತು.